ಎಲ್ಲ ಮಹದೇವರಿಗೂ ಅಷ್ಟಮ ಶನಿ

ಮಲೆ ಮಹದೇಶ್ವರನ, ಅಂದರೆ ಮಾದಪ್ಪನ, ಒಕ್ಕಲು ಹೆಚ್ಚಿರುವ ಎಚ್.ಡಿ. ಕೋಟೆ, ಹುಣಸೂರು ಸೀಮೆಯಲ್ಲಿ ಮನೆಗೊಬ್ಬ ಮಹದೇವ ಸಿಗುತ್ತಾನೆ. ಮಹದೇವಸ್ವಾಮಿ, ಮಹದೇವಪ್ಪ, ಮಹದೇವಮ್ಮ ಎಂದು ಕರೆದರೆ ಬೀದಿಗೆ ನಾಲ್ವರು ತಿರುಗಿ ನೋಡುತ್ತಾರೆ. ಇವರಲ್ಲಿ ವಯಸ್ಸಾದ ಎಷ್ಟೋ ಜನಕ್ಕೆ ಹುಟ್ಟಿದ ತಾರೀಖು ಗೊತ್ತಿಲ್ಲ. ಶಾಲೆಗೆ ಸೇರಿಸಿದ ದಿನ ಮೇಷ್ಟ್ರು ಅಂದಾಜಿನಲ್ಲಿ ಬರೆದುಕೊಂಡದ್ದೇ ಜನ್ಮದಿನ. ಎಷ್ಟೋ ಸಲ ಅದು ಜೂನ್ 1. ಹುಟ್ಟಿದ ಗಳಿಗೆಯ ಮಾತಂತೂ ಬೇಡವೇ ಬೇಡ. ಆದರೂ ಜೋಯಿಸರ ಮುಂದೆ ಕೂತರೆ ಇವರ ಭವಿಷ್ಯಕ್ಕೇನೂ ಅಡ್ಡಿ ಬರುವುದಿಲ್ಲ. ‘ಹೆಸರುಬಲದ ಮೇಲೆ ನೋಡೋಣ ಬಿಡಿ’ ಎನ್ನುತ್ತಾರೆ. ಹೆಸರಿನ ಮೊದಲ ಅಕ್ಷರದಿಂದ ನಕ್ಷತ್ರ ಹೇಳುವ ಅವಕಹಡ ಚಕ್ರದಲ್ಲಿ ಮ, ಮಿ, ಮು, ಮೆ ಅಕ್ಷರಗಳಿಗೆ ಮಘಾ ನಕ್ಷತ್ರ. ಮಘಾ ಎಂದರೆ ಸಿಂಹ ರಾಶಿ. 2025ರ ಮಾರ್ಚ್ 29ರಂದು ಶನಿ ಮೀನ ರಾಶಿಗೆ ಬಂದಿದ್ದಾನೆ; ಸಿಂಹದಿಂದ ಎಣಿಸಿದರೆ ಮೀನ ಎಂಟನೆಯದು. ಅಲ್ಲಿಗೆ ಈ ಸೀಮೆಯ ಅಷ್ಟೂ ಮಹದೇವರಿಗೆ ಎರಡೂವರೆ ವರ್ಷ ಅಷ್ಟಮ ಶನಿ. ಬೈಕಿನ ಕಂತು ಕಟ್ಟಲಾಗದವನಿಗೂ ಅದೇ, ಜಮೀನಿನ ಪೋಡಿಗೆಂದು ತಾಲ್ಲೂಕು ಕಚೇರಿ ಅಲೆಯುವವನಿಗೂ ಅದೇ, ಮಂಡಿ ನೋವಿನ ಮಹದೇವಮ್ಮನಿಗೂ ಅದೇ.

ಹರಕೆ ಹೊತ್ತ ಅಪ್ಪ ಮಾದಪ್ಪನ ಬದಲು ಚುಂಚನಕಟ್ಟೆಯ ಕೋದಂಡರಾಮನಿಗೆ ನಡೆದುಕೊಂಡು ಮಗನನ್ನು ರಾಮ ಎಂದು ಕರೆದಿದ್ದರೆ? ಆಗ ಚಿತ್ತಾ ನಕ್ಷತ್ರ, ತುಲಾ ರಾಶಿ, ಶನಿ ಆರನೇ ಮನೆ, ಶತ್ರುನಾಶ, ಧನಲಾಭ. ಅದೇ ತಾಯಿ, ಅದೇ ಹೊಟ್ಟೆ, ಅದೇ ಗಳಿಗೆ. ಆಕಾಶದ ಕಡೆ ಯಾರೂ ಕತ್ತೆತ್ತಿ ನೋಡದೆ, ಬರೀ ಒಂದು ಅಕ್ಷರದಿಂದ ಹೇಳುವ ಈ ಫಲಕ್ಕೆ ಗ್ರಹಗಳ ಹೆಸರನ್ನು ಸುಮ್ಮನೆ ಎಳೆದು ತರಲಾಗಿದೆ.

ಶನಿಯ ಲೆಕ್ಕವನ್ನೇ ಇನ್ನಷ್ಟು ಮುಂದಕ್ಕೆ ಒಯ್ಯೋಣ. ಸಾಡೇಸಾತ್ ಎಂದು ಒಂದೇ ಹೊತ್ತಿಗೆ ಮೂರು ರಾಶಿಗಳವರು ನರಳಬೇಕು. ನಾಲ್ಕರಲ್ಲಿದ್ದರೆ ಅರ್ಧಾಷ್ಟಮ, ಐದರಲ್ಲಿದ್ದರೆ ಪಂಚಮ, ಎಂಟರಲ್ಲಿದ್ದರೆ ಅಷ್ಟಮ. ಕೂಡಿಸಿದರೆ ಹನ್ನೆರಡರಲ್ಲಿ ಆರು. ಶನಿ ಎಲ್ಲೇ ಇರಲಿ, ಯಾವ ವರ್ಷವೇ ಆಗಲಿ, ಜೋಯಿಸರ ಜಗಲಿಯ ಮೇಲೆ ಸಾಲಾಗಿ ಕೂತವರಲ್ಲಿ ಅರ್ಧ ಜನಕ್ಕೆ ಶನಿಕಾಟ ಖಾಯಂ. ಉಳಿದ ಅರ್ಧಕ್ಕೆ ರಾಹು, ಕೇತು, ಕುಜ ಇದ್ದೇ ಇದ್ದಾರೆ. ಕಷ್ಟವಿಲ್ಲದವನು ಜೋಯಿಸರ ಮನೆ ಹುಡುಕಿಕೊಂಡು ಹೋಗುವುದೂ ಅಪರೂಪ. ಇಷ್ಟಾಗಿ, ಶನಿ ಎಲ್ಲಿದ್ದಾನೆ ಎಂಬುದರಲ್ಲೇ ಒಮ್ಮತವಿಲ್ಲ: ದೃಕ್ ಪಂಚಾಂಗದವರು 2025ರಲ್ಲಿ ಮೀನಕ್ಕೆ ಕಳಿಸಿದ ಶನಿಯನ್ನು ವಾಕ್ಯ ಪಂಚಾಂಗದವರು 2026ರವರೆಗೆ ಕುಂಭದಲ್ಲೇ ಇಟ್ಟುಕೊಂಡಿದ್ದರು. ಶನಿಗೆ ಹೆಸರಾದ ತಮಿಳು ಸೀಮೆಯ ತಿರುನಳ್ಳಾರು ದೇವಸ್ಥಾನ ನಡೆಯುವುದು ಈ ಎರಡನೆಯ ಲೆಕ್ಕದಲ್ಲಿ. ನಿಜವಾದ ಗ್ರಹ ಏಕಕಾಲಕ್ಕೆ ಎರಡು ರಾಶಿಯಲ್ಲಿರಲಾರದು. ಎರಡೂ ಕಡೆ ಶಾಂತಿ ಮಾಡಿಸಿದವರ ದುಡ್ಡು ಮಾತ್ರ ನಿಜವಾಗಿ ಖರ್ಚಾಗಿದೆ.

ಪಂಚಾಂಗದ ಗಣಿತಕ್ಕೆ ನಮ್ಮ ತಕರಾರಿಲ್ಲ, ಅದು ಸ್ಪಷ್ಟವಿರಲಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕುಗಳಲ್ಲಿ ಒಂಟಿಕೊಪ್ಪಲ್ ಪಂಚಾಂಗ ಕಾಣದ ಬೀದಿಯಿಲ್ಲ. ಗ್ರಹಣ ಹಿಡಿಯುವ, ಬಿಡುವ ನಿಮಿಷವನ್ನು ಅದು ಮೊದಲೇ ಹೇಳುತ್ತದೆ. ಹೇಳಿದ ಹೊತ್ತಿಗೆ ಗ್ರಹಣ ಹಿಡಿಯುತ್ತದೆ. ಪಿರಿಯಾಪಟ್ಟಣದ ರೈತ ‘ಭರಣಿ ಮಳೆ ಬಂದರೆ ಧರಣಿ ಬೆಳೆ’ ಎನ್ನುವಾಗಲೂ ಅದು ಜ್ಯೋತಿಷ್ಯವಲ್ಲ, ಕ್ಯಾಲೆಂಡರು. ಸೂರ್ಯ 27 ನಕ್ಷತ್ರ ದಾಟಲು ಒಂದು ವರ್ಷ, ಒಂದೊಂದಕ್ಕೆ 13–14 ದಿನ. ಭರಣಿ ಎಂದರೆ ಏಪ್ರಿಲ್ ಕೊನೆಯಿಂದ ಮೇ ಎರಡನೇ ವಾರದವರೆಗೆ, ಹೊಗೆಸೊಪ್ಪಿನ ಸಸಿ ನಾಟಿಗೆ ಹೊಲ ಹದ ಮಾಡುವ ಕಾಲ. ತಲೆಮಾರುಗಳ ಕಾಲ ಮೋಡ ನೋಡಿದವರು ಕಟ್ಟಿದ ಮಾತು ಅದು. ಮಳೆ ತಪ್ಪಿದರೆ ರೈತ ‘ಈ ಸಲ ಭರಣಿ ಕೈಕೊಟ್ಟಿತು’ ಎಂದು ಬಾಯಿಬಿಟ್ಟು ಹೇಳುತ್ತಾನೆ. ತಪ್ಪಿದ್ದನ್ನು ತಪ್ಪಿತು ಎನ್ನುವ ಈ ಧಾರಾಳ ಫಲಜ್ಯೋತಿಷ್ಯಕ್ಕೆ ಯಾವತ್ತೂ ಬಂದಿಲ್ಲ.

ಗಣಿತದ ಬೆನ್ನೇರಿ ಫಲ ಊರು ಸುತ್ತುವ ಇನ್ನೊಂದು ಉದಾಹರಣೆ ರಾಹುಕಾಲ. ಹಗಲನ್ನು ಎಂಟು ಪಾಲು ಮಾಡಿ, ದಿನಕ್ಕೊಂದು ಪಾಲನ್ನು ರಾಹುವಿಗೆ ಕೊಟ್ಟಿದ್ದಾರೆ. ಸೋಮವಾರ ಏಳೂವರೆಯಿಂದ ಒಂಬತ್ತು, ಮಂಗಳವಾರ ಮೂರರಿಂದ ನಾಲ್ಕೂವರೆ. ಚಂದ್ರನ ದಾರಿ ಸೂರ್ಯನ ದಾರಿಯನ್ನು ಕತ್ತರಿಸುವ ಎರಡು ಬಿಂದುಗಳಲ್ಲಿ ಒಂದಕ್ಕೆ ರಾಹು ಎಂದು ಹೆಸರು. ಆ ಬಿಂದು ಆಕಾಶದಲ್ಲಿ ಎಲ್ಲೇ ಇರಲಿ, ಮಂಗಳವಾರದ ರಾಹುಕಾಲ ಮೂರು ಗಂಟೆಗೇ. ಹುಣಸೂರು ಬಸ್ ನಿಲ್ದಾಣದಿಂದ ಆ ಹೊತ್ತಿನಲ್ಲೂ ಬಸ್ಸು ಹೊರಡುತ್ತದೆ, ಅದರಲ್ಲಿ ರಾಹುಕಾಲ ಕಳೆಯಲೆಂದು ಮನೆಯಲ್ಲಿ ಕಾದು ಕೂತವರ ನೆಂಟರೇ ಇರುತ್ತಾರೆ.

ಪರೀಕ್ಷೆ ಮಾಡಿಲ್ಲವೇ ಎಂದು ಕೇಳುವವರಿಗೆ: ಮಾಡಿದ್ದಾರೆ. ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ 2008ರಲ್ಲಿ ಮಹಾರಾಷ್ಟ್ರದಲ್ಲಿ 200 ಮಕ್ಕಳ ಜಾತಕ ಕೂಡಿಸಿದರು. ಅರ್ಧ ಓದಿನಲ್ಲಿ ಚುರುಕಾದ ಮಕ್ಕಳದು, ಅರ್ಧ ಬುದ್ಧಿಮಾಂದ್ಯರದು. ಒಬ್ಬೊಬ್ಬ ಜ್ಯೋತಿಷಿಗೆ 40 ಜಾತಕ ಕೊಟ್ಟು, ಯಾವುದು ಯಾವ ಗುಂಪಿನದೆಂದು ಮಾತ್ರ ಕೇಳಿದರು. ಉತ್ತರ ಕಳಿಸಿದ 27 ಜನರ ಸರಿಯುತ್ತರ ಶೇ 46. ನಾಣ್ಯ ಚಿಮ್ಮಿದ್ದರೆ 50 ಬರುತ್ತಿತ್ತು. ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಇದು ಅಚ್ಚಾಗಿದೆ. ಮನುಷ್ಯನ ಬದುಕನ್ನೇ ಬದಲಿಸುವಷ್ಟು ದೊಡ್ಡ ವ್ಯತ್ಯಾಸವೇ ಜಾತಕದಲ್ಲಿ ಕಾಣದಿದ್ದ ಮೇಲೆ, ‘ಶುಕ್ರವಾರ ಧನಲಾಭ, ಶನಿವಾರ ಮಾತಿನಲ್ಲಿ ಎಚ್ಚರ’ ಎಂಬುದು ಎಲ್ಲಿಂದ ಕಂಡಿತು?

ಹಾಗಾದರೆ ಜನಕ್ಕೆ ‘ಸರಿಯಾಗಿ ಹೇಳಿದರು’ ಎನ್ನಿಸುವುದೇಕೆ? 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ‘ಇದು ನಿನ್ನ ಸ್ವಭಾವದ ವರದಿ’ ಎಂದು ತಲಾ ಒಂದು ಹಾಳೆ ಕೊಟ್ಟ. ವರದಿ ಎಷ್ಟು ಸರಿ ಎಂದು ಅವರನ್ನೇ ಕೇಳಿದಾಗ ಐದಕ್ಕೆ ಸರಾಸರಿ 4.26 ಅಂಕ ಬಂತು. ಆಮೇಲೆ ನೋಡಿದರೆ ಎಲ್ಲರ ಹಾಳೆಯಲ್ಲೂ ಒಂದೇ ಬರಹ. ಬಹುಪಾಲು ಅಂಗಡಿಯಲ್ಲಿ ಸಿಗುವ ಭವಿಷ್ಯದ ಪುಸ್ತಕದಿಂದ ಎತ್ತಿದ್ದು. ನಮ್ಮಲ್ಲಿ ಅದರ ದೇಶಿ ಪಾಠ ಎಲ್ಲರಿಗೂ ಬಾಯಿಪಾಠ: ‘ನೀವು ಎಲ್ಲರಿಗೂ ಒಳ್ಳೇದು ಮಾಡ್ತೀರಿ, ನಿಮಗೆ ಯಾರೂ ಮಾಡಲ್ಲ. ದುಡ್ಡು ಬರುತ್ತೆ, ಕೈಯಲ್ಲಿ ನಿಲ್ಲಲ್ಲ. ಹತ್ತಿರದವರದೇ ಕಣ್ಣು ಬಿದ್ದಿದೆ.’ ಈ ಮಾತಿಗೆ ತಲೆಯಾಡಿಸದ ಮನುಷ್ಯನನ್ನು ನಾವಿನ್ನೂ ನೋಡಿಲ್ಲ.

ಹೊಂದಿದ್ದನ್ನು ನೆನಪಿಟ್ಟು ಹೊಂದದ್ದನ್ನು ಮರೆಯುವ ಈ ಚಾಳಿಗೆ ಓದಿದವರು, ಆಳುವವರು ಹೊರತಲ್ಲ. ಇಡೀ ರಾಜ್ಯ ಅದನ್ನು ಕಂಡದ್ದು ಚಾಮರಾಜನಗರದ ವಿಷಯದಲ್ಲಿ, ಮತ್ತು ಆ ಕಥೆ ಶುರುವಾಗುವುದೇ ಹುಣಸೂರಿನವರಿಂದ. ಕಲ್ಲಹಳ್ಳಿಯ ದೇವರಾಜ ಅರಸು ಮುಖ್ಯಮಂತ್ರಿಯಾಗಿ ಚಾಮರಾಜನಗರಕ್ಕೆ ಹೋಗಿ ಬಂದರು, 1980ರ ಜನವರಿಯಲ್ಲಿ ಕುರ್ಚಿ ಹೋಯಿತು. ಆಮೇಲೆ ಗುಂಡೂರಾವ್, ಹೆಗಡೆ, ಎಸ್.ಆರ್. ಬೊಮ್ಮಾಯಿ, ವೀರೇಂದ್ರ ಪಾಟೀಲ. ಹೋದವರೆಲ್ಲ ಇಳಿದರು ಎಂದು ಊರಿಗೇ ದೋಷ ಅಂಟಿಸಿದರು. ಒಬ್ಬೊಬ್ಬರ ಕಾರಣವನ್ನೂ ಬಿಡಿಸಿ ನೋಡಿ. ಇಂದಿರಾ ಗಾಂಧಿಯವರ ಜೊತೆ ಮುರಿದುಕೊಂಡಿದ್ದ ಅರಸರು 1980ರ ಲೋಕಸಭೆ ಚುನಾವಣೆಯಲ್ಲಿ ಇಂದಿರಾ ಪಕ್ಷ ಗೆದ್ದ ಕೂಡಲೇ ಬಹುಮತ ಕಳೆದುಕೊಂಡರು. ಗುಂಡೂರಾವ್ 1983ರ ಚುನಾವಣೆ ಸೋತರು. ಹೆಗಡೆ 1988ರಲ್ಲಿ ಇಳಿದದ್ದು ಫೋನ್ ಕದ್ದಾಲಿಕೆಯ ಗಲಾಟೆಯಲ್ಲಿ. ಬೊಮ್ಮಾಯಿ ಸರ್ಕಾರವನ್ನು 1989ರಲ್ಲಿ ವಜಾ ಮಾಡಿದ್ದು ಕೇಂದ್ರ. ಆ ವಜಾ ತಪ್ಪೆಂದು ಸುಪ್ರೀಂ ಕೋರ್ಟು 1994ರಲ್ಲಿ ಹೇಳಿತು. ಪಾಟೀಲರನ್ನು 1990ರಲ್ಲಿ ಕೆಳಗಿಳಿಸಿದ್ದು ಅವರದೇ ಪಕ್ಷದ ಹೈಕಮಾಂಡು. ಐದು ಪತನ, ಐದು ಕಾರಣ, ಎಲ್ಲವೂ ಪತ್ರಿಕೆಗಳಲ್ಲಿ ಬಂದವು. ಊರಿನ ಪಾತ್ರ ಒಂದರಲ್ಲೂ ಇಲ್ಲ.

ಅಲ್ಲಿಂದ 2007ರವರೆಗೆ ಮುಖ್ಯಮಂತ್ರಿಗಳು ಆ ಪಟ್ಟಣದ ಕಡೆ ತಲೆಹಾಕಲಿಲ್ಲ. ತಲೆಹಾಕದೆ ಉಳಿದರೇ? ಬಂಗಾರಪ್ಪ 1992ರಲ್ಲಿ ಕುರ್ಚಿಯಿಂದ ಇಳಿದರು, ಮೊಯಿಲಿ 1994ರಲ್ಲಿ, ಜೆ.ಎಚ್. ಪಟೇಲರು 1999ರಲ್ಲಿ, ಎಸ್.ಎಂ. ಕೃಷ್ಣ 2004ರಲ್ಲಿ, ಧರ್ಮಸಿಂಗ್ 2006ರಲ್ಲಿ. ಹೋಗದೆ ಕುರ್ಚಿ ಕಳೆದುಕೊಂಡ ಇವರನ್ನು ಯಾವ ಜೋಯಿಸರೂ ಪಟ್ಟಿಗೆ ಹಾಕಲಿಲ್ಲ. 2007ರಲ್ಲಿ ಕುಮಾರಸ್ವಾಮಿ ಹೋಗಿ ಬಂದು ಅದೇ ವರ್ಷ ಅಧಿಕಾರ ಬಿಟ್ಟಾಗ ಮಾತ್ರ ‘ನೋಡಿ, ಹೇಳಲಿಲ್ಲವೇ’ ಎಂದರು. ಅದು ಇಪ್ಪತ್ತು ತಿಂಗಳ ಪಾಳಿ ಒಪ್ಪಂದ ಮುರಿದ ಕಥೆ ಎಂಬುದು ಕೆ.ಆರ್. ನಗರದ ಟೀ ಅಂಗಡಿಯಲ್ಲೂ ಗೊತ್ತಿತ್ತು. 2013ರಿಂದ ಸಿದ್ದರಾಮಯ್ಯ ಮತ್ತೆ ಮತ್ತೆ ಹೋದರು, ಐದು ವರ್ಷ ಪೂರೈಸಿದರು; ಅರಸರ ನಂತರ ಪೂರ್ಣಾವಧಿ ಮುಗಿಸಿದ ಮೊದಲ ಮುಖ್ಯಮಂತ್ರಿ ಎನಿಸಿದರು. (2016ರಲ್ಲಿ ಅವರ ಕಾರಿನ ಮೇಲೆ ಕಾಗೆ ಕೂತು, ಅದರ ಬೆನ್ನಿಗೇ ಹೊಸ ಕಾರು ಬಂದಾಗ ನಾಡೆಲ್ಲ ನಕ್ಕಿತು, ಕಾಗೆಗಾಗಿ ಕೊಂಡದ್ದಲ್ಲ ಎಂದು ಅವರು ಹೇಳಿದರು. ಇರಲಿ.) ವಾಸ್ತುವಿನ ನೆಪದಲ್ಲಿ ಮುಚ್ಚಿದ್ದ ವಿಧಾನಸೌಧದ ತಮ್ಮ ಕೊಠಡಿಯ ದಕ್ಷಿಣದ ಬಾಗಿಲನ್ನೂ ಅವರು 2023ರ ಜೂನ್‌ನಲ್ಲಿ ತೆಗೆಸಿದರು. ಈ ಮೂಢನಂಬಿಕೆಗೆ ದಂಡ ತೆತ್ತವರು ಮುಖ್ಯಮಂತ್ರಿಗಳಲ್ಲ, ಸುಮಾರು ಹದಿನೇಳು ವರ್ಷ ತಮ್ಮೂರಿನಲ್ಲಿ ಮುಖ್ಯಮಂತ್ರಿಯ ಮುಖ ಕಾಣದೆ, ಅಹವಾಲು ಹೇಳಲು ಬೆಂಗಳೂರಿಗೇ ಹೋಗಬೇಕಾಗಿದ್ದ ಚಾಮರಾಜನಗರದ ಜನ.

ಫಲ ತಪ್ಪಿದರೆ ದಂಡ ತೆರುವವನು ಯಾವಾಗಲೂ ಬೇರೆಯವನೇ. ಈ ಪತ್ರಿಕೆಯ ಆಕ್ಷೇಪದ ತಿರುಳು ಇದು. ಕಟ್ಟೆಮಳಲವಾಡಿಯಲ್ಲೋ ಕಂಪಲಾಪುರದಲ್ಲೋ ಹೊಗೆಸೊಪ್ಪಿನ ಹರಾಜಿಗೆ ಬೇಲ್ ತಂದಿಟ್ಟ ರೈತನನ್ನು ನೋಡಿ. ಬ್ಯಾರನ್‌ಗೆ ಸೌದೆ ಹಾಕಿ ರಾತ್ರಿಯೆಲ್ಲ ನಿದ್ದೆಗೆಟ್ಟು ಹದ ಮಾಡಿದ ಸೊಪ್ಪಿಗೆ ಗ್ರೇಡು ಬೀಳುತ್ತದೆ, ಚೀಟಿ ಅಂಟುತ್ತದೆ; ಕೊಳ್ಳುವವರು ಕೈ ಹಾಕಿ ಹಿಂಡಿ ನೋಡಿ ‘ನೋ ಬಿಡ್’ ಎಂದರೆ ಬೇಲನ್ನು ಗಾಡಿಗೆ ಹಾಕಿಕೊಂಡು ವಾಪಸ್ ಹೋಗಬೇಕು. ಜೋಯಿಸರ ಮಾಲಿಗೆ ಇಂಥ ಹರಾಜು ಕಟ್ಟೆ ಇಲ್ಲ. ‘ಈ ವರ್ಷ ರೇಟು ಚೆನ್ನಾಗಿದೆ, ಸಾಲ ಮಾಡಿ ಇನ್ನೊಂದು ಬ್ಯಾರನ್ ಕಟ್ಟು’ ಎಂದ ಮಾತು ಸುಳ್ಳಾದರೆ ತೆತ್ತ ದಕ್ಷಿಣೆ ವಾಪಸ್ ಬರುವುದಿಲ್ಲ. ನೀನು ಕೊಟ್ಟ ಗಳಿಗೆ ತಪ್ಪಿತ್ತು, ಶಾಂತಿಯಲ್ಲಿ ಲೋಪವಾಯಿತು, ಪರಿಹಾರ ಮಾಡಿಸದಿದ್ದರೆ ಇನ್ನೂ ಕೆಡುತ್ತಿತ್ತು – ತಪ್ಪೆಲ್ಲ ಕೇಳಿದವನ ತಲೆಗೇ.

ಹಾಗೆಂದು ಕೇಳುವವರನ್ನು ಹಳಿಯಲು ನಾವು ತಯಾರಿಲ್ಲ. ಸಂಕ್ರಾಂತಿ ಹೊತ್ತಿಗೆ ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ ನಿಂತು ನೋಡಿದವರಿಗೆ ಇದು ಗೊತ್ತು. ಹಳ್ಳಿಕಾರ್ ಜೋಡಿ ಕೊಳ್ಳಲು ಬಂದವನು ಮೊದಲು ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ನಾಲ್ಕು ಹಲ್ಲೋ, ಆರೋ, ಬಾಯಿಗೂಡಿದೆಯೋ. ನಡೆಸಿ ನೋಡುತ್ತಾನೆ, ಗೊರಸು ನೋಡುತ್ತಾನೆ. ಆಮೇಲೆ ಹಣೆ, ಬೆನ್ನು, ಹೆಗಲ ಮೇಲೆ ಬೆರಳಾಡಿಸಿ, ಶುಭವೋ ಅಶುಭವೋ ಎಂದು ಕೂದಲಿನ ಸುಳಿ ಹುಡುಕುತ್ತಾನೆ. ಹಲ್ಲಿನಿಂದ ವಯಸ್ಸು ತಿಳಿಯುತ್ತದೆ. ಆದರೆ ಲಕ್ಷಗಟ್ಟಲೆ ಸುರಿದು ಕೊಂಡ ಜೋಡಿ ಮನೆಗೆ ಹೋದಮೇಲೆ ರೋಗ ಬಿದ್ದು ಸತ್ತರೆ ಏನು ಗತಿ ಎಂಬುದನ್ನು ಯಾವ ಹಲ್ಲೂ ಹೇಳುವುದಿಲ್ಲ. ಆ ಹೆದರಿಕೆಗೆ ಸುಳಿ. ಮಾರುವವನಿಗೂ ಸುಳಿಯಲ್ಲಿ ನಂಬಿಕೆ ಇರಬೇಕೆಂದಿಲ್ಲ; ಕೊಳ್ಳುವವ ನಂಬುತ್ತಾನೆಂದು ಅವನೂ ಬೆಲೆ ಇಳಿಸುತ್ತಾನೆ. ಹೀಗೆ ಯಾರೂ ಪೂರ್ತಿ ನಂಬದ ಸಂಗತಿಯೊಂದು ಎಲ್ಲರ ಜೇಬಿನ ಮೇಲೆ ಆಳುತ್ತದೆ.

ನಾಲೆಗೆ ನೀರು ಬಿಡುವುದು ಯಾವಾಗ ಎಂದು ಕೆ.ಆರ್. ನಗರದ ಭತ್ತದ ರೈತ ಜೋಯಿಸರನ್ನು ಕೇಳುವುದಿಲ್ಲ, ನೀರಾವರಿ ಇಲಾಖೆಯನ್ನು ಕೇಳುತ್ತಾನೆ. ಯಾರನ್ನು ಕೇಳಿದರೂ ಉತ್ತರ ಸಿಗದ ಪ್ರಶ್ನೆಗಳೇ ಜಗಲಿಗೆ ಬರುವುದು: ಸೊಪ್ಪಿನ ರೇಟು, ಮಗಳ ಮದುವೆ, ಕಟ್ಟದ ಬಸಿರು, ಕುಡಿಯುವ ಗಂಡ. ಆಸ್ಪತ್ರೆಯಲ್ಲಿ ಡಾಕ್ಟರಿಗೆ ಎರಡು ನಿಮಿಷ ಪುರುಸೊತ್ತಿಲ್ಲ, ಬ್ಯಾಂಕಿನಲ್ಲಿ ತಲೆಯೆತ್ತಿ ನೋಡುವವರಿಲ್ಲ. ಜೋಯಿಸರು ಅರ್ಧ ಗಂಟೆ ಕೂರಿಸಿ ಕೇಳಿಸಿಕೊಳ್ಳುತ್ತಾರೆ. ‘ಮನಸ್ಸಿಗೆ ಸಮಾಧಾನ ಆಗುತ್ತಲ್ಲ, ನಿಮಗೇನು ಕಷ್ಟ’ ಎನ್ನುವವರ ವಾದಕ್ಕೆ ಇಷ್ಟರ ಮಟ್ಟಿಗೆ ತಲೆಬಾಗುತ್ತೇವೆ. ಆದರೆ ಸಮಾಧಾನ ಹೇಳಲು ಮೊದಲು ಹೆದರಿಸಬೇಕಾಗಿಲ್ಲ. ದೋಷವಿದೆ ಎಂದು ಹೇಳಿ, ಅದೇ ಬಾಯಲ್ಲಿ ಪರಿಹಾರದ ದರ ಹೇಳುವುದು ಸಾಂತ್ವನವಲ್ಲ, ವಸೂಲಿ.

ಈ ವಸೂಲಿಯ ಭಾರ ಹೆಚ್ಚು ಬಿದ್ದಿರುವುದು ಹೆಣ್ಣುಮಕ್ಕಳ ಮೇಲೆ. ಲಗ್ನದಿಂದ 2, 4, 7, 8, 12ನೇ ಮನೆಯಲ್ಲಿ ಕುಜನಿದ್ದರೆ ಕುಜದೋಷ. ಇದೇ ಹನ್ನೆರಡರಲ್ಲಿ ಐದಾಯಿತು. ಚಂದ್ರನಿಂದಲೂ ಶುಕ್ರನಿಂದಲೂ ಎಣಿಸಬೇಕು ಎನ್ನುವವರ ಮಾತು ಹಿಡಿದರೆ ಹತ್ತು ಹುಡುಗಿಯರಲ್ಲಿ ಸುಮಾರು ಎಂಟು ಮಂದಿ ದೋಷದವರೇ. ಇಷ್ಟು ಜನಕ್ಕೆ ಮದುವೆ ಆಗಬಾರದೆಂದರೆ ಶಾಸ್ತ್ರವೇ ನಡೆಯದು. ಅದಕ್ಕೇ ಇಂಥ ರಾಶಿಯಲ್ಲಿದ್ದರೆ ದೋಷವಿಲ್ಲ, ಗುರು ನೋಡಿದರೆ ಪರಿಹಾರ ಎಂದು ವಿನಾಯಿತಿಗಳ ಸಾಲು. ವಿನಾಯಿತಿ ಯಾರಿಗೆ, ಯಾವಾಗ ಎಂಬುದು ಹೇಳುವವರ ಮರ್ಜಿ. ಇನ್ನು ಮೂಲಾ ನಕ್ಷತ್ರದವಳು ಮಾವನಿಗೆ ಆಗದು, ಆಶ್ಲೇಷಾ ಅತ್ತೆಗೆ, ಜ್ಯೇಷ್ಠಾ ಭಾವನಿಗೆ, ವಿಶಾಖಾ ಮೈದುನನಿಗೆ. 27ರಲ್ಲಿ ನಾಲ್ಕು, ಏಳು ಹುಡುಗಿಯರಲ್ಲಿ ಹೆಚ್ಚುಕಮ್ಮಿ ಒಬ್ಬಳು ಹುಟ್ಟಿದ ದಿನವೇ ಇನ್ನೂ ಕಾಣದ ಒಂದು ಮನೆಗೆ ಕಂಟಕ. ಅದೇ ಮೂಲಾ ನಕ್ಷತ್ರದ ಗಂಡಿನಿಂದ ಅವನ ಮಾವನಿಗೆ ಏನಾಗುತ್ತದೆಂದು ಕೇಳುವ ಪದ್ಧತಿ ಇಲ್ಲ. ಜಾತಕ ಕೂಡಲಿಲ್ಲ ಎಂಬ ನೆಪದಲ್ಲಿ ವರದಕ್ಷಿಣೆ ಚೌಕಾಸಿ ಮುರಿದದ್ದನ್ನು ಮುಚ್ಚಿಡುವುದೂ ನಡೆಯುತ್ತದೆ. ಹುಡುಗಿಯ ನಕ್ಷತ್ರ ಬದಲಿಸಿ ಜಾತಕ ಬರೆಸಿಕೊಡುವುದೂ ನಡೆಯುತ್ತದೆ, ಅದನ್ನು ಬರೆದುಕೊಡುವವರೂ ಜೋಯಿಸರೇ. ಕಾಡಂಚಿನ ಹಾಡಿಗಳ ಜೇನುಕುರುಬರು, ಬೆಟ್ಟಕುರುಬರು ತಲೆತಲಾಂತರದಿಂದ ಜಾತಕವಿಲ್ಲದೇ ಮದುವೆಯಾಗಿ ಬಾಳಿದ್ದಾರೆ ಎಂಬುದನ್ನು ಪಟ್ಟಣದ ಪದವೀಧರರಿಗೆ ನೆನಪಿಸಬೇಕಾಗಿದೆ.

ನಮ್ಮ ತೀರ್ಪು ಸ್ಪಷ್ಟ. ಫಲಜ್ಯೋತಿಷ್ಯ ಶಾಸ್ತ್ರವಲ್ಲ, ಹೊಣೆಯಿಲ್ಲದ ವ್ಯಾಪಾರ. ವ್ಯಾಪಾರವಾದ ಮೇಲೆ ಕಾನೂನು ಅದನ್ನು ಹಾಗೇ ಕಾಣಬೇಕು. ಈ ವಿಷಯದಲ್ಲಿ ಕರ್ನಾಟಕಕ್ಕೆ ಹಿನ್ನಡೆಯಾಗಿದೆ. ಸಂವಿಧಾನದ 51ಎ(ಎಚ್) ವಿಧಿ ವೈಜ್ಞಾನಿಕ ಮನೋಭಾವವನ್ನು ನಾಗರಿಕನ ಕರ್ತವ್ಯವೆಂದು ಸೇರಿಸಿಕೊಂಡದ್ದು 1976ರ ತಿದ್ದುಪಡಿಯಲ್ಲಿ. ಅದೇ ವರ್ಷ, ಅರಸು ಮುಖ್ಯಮಂತ್ರಿಯಾಗಿದ್ದಾಗ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯನವರು ಪವಾಡ ಮತ್ತು ಮೂಢನಂಬಿಕೆಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ್ದರು. ನಲವತ್ತು ವರ್ಷ ಕಳೆದು 2017ರಲ್ಲಿ ಬಂದ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆಯನ್ನು ಓದಿದರೆ ಜ್ಯೋತಿಷ್ಯ, ವಾಸ್ತುಗಳನ್ನು ಹುಷಾರಾಗಿ ಹೊರಗಿಟ್ಟಿದ್ದಾರೆ. ಆ ಕಾಯ್ದೆಯೂ ಜಾರಿಗೆ ಬಂದದ್ದು 2020ರ ಜನವರಿ 4ರಂದು. ಅದಕ್ಕೆ ಒಂಬತ್ತು ದಿನ ಮೊದಲು, 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ಹೊತ್ತಿನಲ್ಲಿ, ಅಂಗವೈಕಲ್ಯ ವಾಸಿಯಾಗುತ್ತದೆಂದು ಕಲಬುರಗಿಯ ಬಳಿ ಮಕ್ಕಳನ್ನು ಕುತ್ತಿಗೆಯವರೆಗೆ ಹೂತು ನಿಲ್ಲಿಸಿದ್ದರು. ವಿಶ್ವವಿದ್ಯಾಲಯಗಳಲ್ಲಿ ಜ್ಯೋತಿಷ್ಯ ಕಲಿಸಬಹುದೆಂಬ ಯುಜಿಸಿಯ 2001ರ ನಿರ್ಧಾರವನ್ನು 2004ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. ತೀರ್ಪಿಗೆ ಗೌರವವಿದೆ, ಕೋರ್ಟು ಒಪ್ಪಿದ ಮಾತ್ರಕ್ಕೆ ಶನಿ ಸಾಲ ತೀರಿಸುವುದಿಲ್ಲ.

ಹೊಸ ಕಾನೂನು ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಬೆಳಗಾದರೆ ಕನ್ನಡ ಚಾನೆಲ್‌ಗಳಲ್ಲಿ ಗುರೂಜಿಗಳ ಸಾಲು. ಮೂಢನಂಬಿಕೆಗೆ ಪ್ರೋತ್ಸಾಹ ಕೊಡುವ ಕಾರ್ಯಕ್ರಮ ಬಿತ್ತರಿಸಕೂಡದೆಂದು 1994ರ ಕೇಬಲ್ ಟಿ.ವಿ. ನಿಯಮಗಳಲ್ಲೇ ಬರೆದಿದೆ. ಕೇಂದ್ರ ಸರ್ಕಾರ ಅದನ್ನು ಓದಿದಂತಿಲ್ಲ. ನಮ್ಮ ತಾಲ್ಲೂಕುಗಳ ಮಟ್ಟಿಗೆ ಇನ್ನೂ ಸಲೀಸಾದ ಕೆಲಸವಿದೆ. ಲಾಡ್ಜಿನಲ್ಲಿ ರೂಮು ಹಿಡಿದು, ‘ಮದುವೆ ವಿಳಂಬ, ಸಂತಾನ ಭಾಗ್ಯ, ಸಾಲಬಾಧೆ, ಕೋರ್ಟು ಕೇಸು, ಸ್ತ್ರೀ–ಪುರುಷ ವಶೀಕರಣ, ಫೋನಿನಲ್ಲೇ ಪರಿಹಾರ’ ಎಂದು ಕರಪತ್ರ ಅಂಟಿಸುವವರ ಸಂಗತಿ. ತಾಯತ, ಮಂತ್ರ, ಕವಚಗಳಿಂದ ರೋಗ ವಾಸಿಮಾಡುತ್ತೇವೆ ಎಂಬ ಜಾಹೀರಾತು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರ ಕಾಯ್ದೆಯಡಿ 70 ವರ್ಷಗಳಿಂದಲೂ ಅಪರಾಧ. ಹೆಣ್ಣಿನ ಬಂಜೆತನ ಆ ಕಾಯ್ದೆಯ ರೋಗಪಟ್ಟಿಯಲ್ಲೇ ಇದೆ. ಮಗುವಾಗಲು ತಾಯತ ಕೊಡುತ್ತೇನೆ ಎಂದು ಅಚ್ಚು ಹಾಕಿಸಿದವನ ಮೇಲೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆಯ ಠಾಣೆಗಳು ಇವತ್ತೇ ಕೇಸು ಹಾಕಬಹುದು. ಹುಡುಕುವ ಶ್ರಮವೂ ಇಲ್ಲ. ಆರೋಪಿಯ ಮೊಬೈಲ್ ನಂಬರು ಠಾಣೆಯ ಎದುರಿನ ವಿದ್ಯುತ್ ಕಂಬದ ಮೇಲೇ ಇದೆ.